ಟೆಸ್ಟರಕ್ಕನ ಮೂರನೆಯ ಸಹಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಪೊರಕೆಗಳನ್ನಿಡಲೆಂದು ಕಟ್ಟಿದ್ದ ಕೋಣೆಯೊಂದರಲ್ಲಿ, ಹದಿನೇಳು ವರ್ಷಗಳಿಂದ ಒಬ್ಬ ಹೆಂಗಸು ಯಂತ್ರಗಳ ಕಾಯಿಲೆ ನೋಡುತ್ತಿದ್ದಳು. ಮೇಲಿನ ಮಹಡಿಗಳಲ್ಲಿ ಮನುಷ್ಯರ ಕಾಯಿಲೆ ನೋಡುವವರಿಗೆ ಕಿಟಕಿ, ಫ್ಯಾನು, ಬಾಗಿಲ ಮೇಲೆ ಹೆಸರಿನ ಫಲಕ ಎಲ್ಲವೂ ಇದ್ದವು. ಇವಳಿಗೆ ಒಂದು ಮೇಜು, ಒಂದು ಸ್ಟೂಲು, ತಲೆಯ ಹಿಂದೆ ತೂಗುವ ಒಂದು ಮಂಕು ಬಲ್ಬು. ಬಾಗಿಲ ಮೇಲೆ ಈಗಲೂ ‘ಪೊರಕೆ’ ಎಂದೇ ಬರೆದಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರು ಪೊರಕೆ ಕೇಳಿಕೊಂಡು ಬಂದರೆ ಅವಳು ಬೇಸರಪಡದೆ ಎದುರಿನ ಬಾಗಿಲು ತೋರಿಸುತ್ತಿದ್ದಳು. ಆ ಬಾಗಿಲ ಮೇಲೆ ಏನೂ ಬರೆದಿರಲಿಲ್ಲ.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಟೆಸ್ಟರಕ್ಕ ಎಂದು. ಕರೆಂಟು ಇದೆಯೋ ಇಲ್ಲವೋ ಎಂದು ನೋಡುವ ಹಳದಿ ಹಿಡಿಯ ಟೆಸ್ಟರೊಂದು ಸದಾ ಅವಳ ತುರುಬಿಗೆ ಸಿಕ್ಕಿಸಿಕೊಂಡಿರುತ್ತಿತ್ತು. ಜೇಬಿಲ್ಲದ ಬಟ್ಟೆ ಹೊಲಿಯುವವರು ಹೆಂಗಸರಿಗೆ ಕೈತುಂಬ ಕೆಲಸ ಇರುತ್ತದೆಂದು ಯೋಚಿಸುವುದಿಲ್ಲ. ಹಾಗಾಗಿ ತುರುಬೇ ಅವಳ ಜೇಬು. ದಾಖಲೆಯಲ್ಲಿ ಅವಳು ‘ಸಹಾಯಕಿ’. ಯಾರಿಗೆ ಸಹಾಯಕಿ ಎಂಬುದನ್ನು ದಾಖಲೆ ಹೇಳುತ್ತಿರಲಿಲ್ಲ. ಮುಖ್ಯ ತಂತ್ರಜ್ಞರ ಹುದ್ದೆ ಅವಳು ಸೇರುವ ಮುಂಚಿನಿಂದಲೂ ಖಾಲಿ ಬಿದ್ದಿತ್ತು. ಹದಿನೇಳು ವರ್ಷ ಅವಳು ಒಂದು ಖಾಲಿ ಕುರ್ಚಿಗೆ ಸಹಾಯ ಮಾಡಿಕೊಂಡು ಬಂದಿದ್ದಳು.

ಕೆಲಸ ಕಲಿತದ್ದು ಹತ್ತೊಂಬತ್ತರ ವಯಸ್ಸಿನಲ್ಲಿ, ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅಂಗಡಿಯವನು ಅವಳನ್ನು ಇಟ್ಟುಕೊಂಡಿದ್ದು ಕಸ ಗುಡಿಸಲಿಕ್ಕೆ. ಅವಳು ಗುಡಿಸುತ್ತ ಗುಡಿಸುತ್ತ ನೋಡಿದಳು, ನೋಡುತ್ತ ನೋಡುತ್ತ ಕಲಿತಳು, ಆರು ತಿಂಗಳಲ್ಲಿ ಅಂಗಡಿಯವನಿಗೇ ತಪ್ಪು ತೋರಿಸುವಷ್ಟಾದಳು. ಅಲ್ಲಿಂದ ಅವಳು ಹೊತ್ತು ತಂದದ್ದು ಒಂದೇ ನಿಯಮ: ಮೊದಲು ಸೆಲ್ಲು, ಆಮೇಲೆ ವೈರು, ಕಟ್ಟಕಡೆಗೆ ಮನುಷ್ಯ. ಯಂತ್ರ ಕೆಟ್ಟಿದೆ ಎಂದರೆ ಹತ್ತರಲ್ಲಿ ಆರು ಸಲ ಸೆಲ್ಲು ಹೋಗಿರುತ್ತದೆ. ಮೂರು ಸಲ ವೈರು ಬಿಟ್ಟಿರುತ್ತದೆ. ಉಳಿದ ಒಂದು ಸಲಕ್ಕೆ ಮಾತ್ರ ಮನುಷ್ಯನ ಕಡೆ ತಿರುಗಿ ನೋಡಬೇಕು. ಲೋಕದವರು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ ಎನ್ನುವುದು ಅವಳ ದೂರು.

ಮನೆಯಲ್ಲೂ ಇದೇ ನಿಯಮ. ಅವಳ ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಮುನ್ನೂರು ಪುಟದ ಪುಸ್ತಕದಲ್ಲಿ ತಪ್ಪಿದ ಒಂದು ಸೊನ್ನೆಯನ್ನು ಹುಡುಕಿ ತೆಗೆಯುತ್ತಿದ್ದವನಿಗೆ ಕಣ್ಣೆದುರಿನ ಉಪ್ಪಿನ ಡಬ್ಬಿ ಮಾತ್ರ ಇಪ್ಪತ್ತು ವರ್ಷದಿಂದ ಕಂಡಿರಲಿಲ್ಲ. ಗೋಡೆ ಗಡಿಯಾರ ನಿಂತಾಗಲೆಲ್ಲ “ನೀನು ಧೂಳು ಹೊಡೆಯುವಾಗ ಏನೋ ಮಾಡಿದೀಯ ಕಣೇ” ಎನ್ನುತ್ತಿದ್ದ. ಅವಳು ಗಡಿಯಾರ ಇಳಿಸಿ ಹಿಂದಿನ ಮುಚ್ಚಳ ತೆಗೆದು ತೋರಿಸುತ್ತಿದ್ದಳು. ಒಳಗೆ ಸೆಲ್ಲೇ ಇರುತ್ತಿರಲಿಲ್ಲ. ಅದು ಟಿವಿಯ ರಿಮೋಟಿನೊಳಗೆ ಇರುತ್ತಿತ್ತು. ರಿಮೋಟು ಅವನ ಕೈಯಲ್ಲಿರುತ್ತಿತ್ತು.

ಈ ಕತೆ ನಡೆದದ್ದು ಮಾತ್ರ ಗಡಿಯಾರದ ವಿಷಯಕ್ಕಲ್ಲ.

ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ ಒಂದು ವಾರ್ಡಿತ್ತು. ಅಲ್ಲಿಯ ರೋಗಿಗಳಿಗೆ ಕುಡಿಸುವ ಔಷಧಿಯಲ್ಲಿ ವಿಕಿರಣ ಇರುತ್ತಿತ್ತು. ಕೆಲವು ದಿನ ಅವರ ಬೆವರಲ್ಲೂ ಎಂಜಲಲ್ಲೂ ಅದರ ಅಂಶ ಬರುತ್ತಿತ್ತು. ಆದ್ದರಿಂದ ಆ ವಾರ್ಡಿನ ಹೊದಿಕೆ, ದಿಂಬಿನ ಚೀಲ, ಟವೆಲು ಯಾವುದೂ ನೇರ ಒಗೆತಕ್ಕೆ ಹೋಗುವಂತಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿಯುವ ವಿಕಿರಣ ಮಾಪಕದಿಂದ ನೋಡಬೇಕು. ಟಿಕ್… ಟಿಕ್… ಎಂದು ಬಿಟ್ಟು ಬಿಟ್ಟು ಬಡಿದುಕೊಂಡರೆ ಬಟ್ಟೆ ಶುದ್ಧ. ಮಳೆ ಬಿದ್ದಂತೆ ಟಿಕಟಿಕಟಿಕ ಎಂದರೆ ಅದನ್ನು ಬೀಗದ ಕೋಣೆಯ ಕಬ್ಬಿಣದ ಅಟ್ಟಣಿಗೆಯಲ್ಲಿ ದಿನಾಂಕ ಬರೆದು ಇಡಬೇಕು. ವಾರಗಟ್ಟಲೆ ಬಿಟ್ಟರೆ ವಿಕಿರಣ ತಾನೇ ಇಳಿದು ಬಟ್ಟೆ ತಣ್ಣಗಾಗುತ್ತದೆ.

ಈ ಕೆಲಸ ಮಾಡುತ್ತಿದ್ದವಳು ದೊಡ್ಡಮ್ಮ. ಆಸ್ಪತ್ರೆಗೆಲ್ಲ ಅವಳು ದೊಡ್ಡಮ್ಮನೇ. ಮುಖ್ಯ ವೈದ್ಯರೂ ಹಾಗೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಬಿಸಿನೀರಿನ ತೊಟ್ಟಿಗಳ ಮುಂದೆ ಬಗ್ಗಿ ನಿಂತು ಮೊಣಕಾಲು ಸವೆಸಿಕೊಂಡ ಮೇಲೆ, ಎರಡು ವರ್ಷದ ಹಿಂದೆ ಮಾಪಕ ಹಿಡಿಯುವ ಕೆಲಸ ಸಿಕ್ಕಿತ್ತು. ನಿಂತುಕೊಂಡು ಮಾಡುವ ಕೆಲಸ; ಒದ್ದೆಯಿಲ್ಲ, ಉಗಿಯಿಲ್ಲ. ಮಾಪಕವನ್ನು ಅವಳು ಕಂಕುಳ ಕೂಸಿನಂತೆ ನೋಡಿಕೊಂಡಿದ್ದಳು. ಆ ಯಂತ್ರವಿದ್ದುದೂ ಕೂಸಿನ ಗಾತ್ರವೇ: ನಾಲ್ಕು ದಪ್ಪ ಸೆಲ್ಲು ಹಾಕುವ ಒಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಹಿಡಿ, ಸುರುಳಿ ವೈರಿನ ತುದಿಗೆ ಅಂಗೈಯಗಲದ ದುಂಡು ಮುಖ. ಬಟ್ಟೆಗೆ ಹಿಡಿಯುವುದು ಆ ಮುಖವನ್ನು. ಮುಖಕ್ಕೆ ಬರಬೇಕಾದ ಮುಚ್ಚಳ ಎಲ್ಲೋ ಕಳೆದುಹೋಗಿದೆ ಎಂದು ಮೇಲಿನವರು ಹೇಳಿದ್ದರಿಂದ, ದೊಡ್ಡಮ್ಮನೇ ಮನೆಯಲ್ಲಿ ಹಳೆಯ ದಿಂಬಿನ ಚೀಲ ಕತ್ತರಿಸಿ, ನೀಲಿ ಹೂವಿನದೊಂದು ಟೋಪಿ ಹೊಲಿದು ತಂದು ಅದಕ್ಕೆ ತೊಡಿಸಿದ್ದಳು.

ಮೂರು ವಾರದಿಂದ ಆ ಕೂಸು ಹಟ ಹಿಡಿದಿತ್ತು. ಶುದ್ಧವಾದ ಹೊದಿಕೆ ಹಿಡಿದರೂ ಕಿರುಚುತ್ತಿತ್ತು. ಕಿರುಚಿದ್ದನ್ನೆಲ್ಲ ದೊಡ್ಡಮ್ಮ ಬೀಗದ ಕೋಣೆಗೆ ಹಾಕುತ್ತಿದ್ದಳು. ಕೋಣೆ ತುಂಬಿ ಬಾಗಿಲು ಮುಚ್ಚದಂತಾಯಿತು. ನಾಲ್ಕನೆಯ ಮಹಡಿಯಲ್ಲಿ ಹೊದಿಕೆಗೆ ಪರದಾಟ. “ಕೂಗಿದರೆ ಕೂಗಲಿ, ಬಟ್ಟೆ ಕಳಿಸಿ” ಎಂದು ಮೇಲಿನಿಂದ ಹೇಳಿಕಳಿಸಿದರು. ದೊಡ್ಡಮ್ಮ ಜಪ್ಪಯ್ಯ ಅಂದರೂ ಕಳಿಸಲಿಲ್ಲ.

ಮೇಲಿನವರು ಎಂದರೆ ಚೀಟಿ ಸಾಹೇಬರು. ಒಗೆತ, ಅಡುಗೆಮನೆ, ನೆಲಮಾಳಿಗೆ ಮೂರಕ್ಕೂ ಅವರೇ ಮೇಲ್ವಿಚಾರಕರು. ಬಾಯಲ್ಲಿ ಹೇಳುವುದನ್ನು ಅವರು ನಂಬುತ್ತಿರಲಿಲ್ಲ. ಎಲ್ಲವನ್ನೂ ಚೀಟಿಯಲ್ಲಿ ಬರೆದು, ಕೆಳಗೆ ದಿನಾಂಕ ಹಾಕಿ, ಗುಂಡುಸೂಜಿಯಿಂದ ಚುಚ್ಚಿ ಹೋಗುತ್ತಿದ್ದರು. ಪರದೆಯ ಮೇಲೆ ‘ಎಳೆಯಬಾರದು’, ಚಹಾ ಪುಡಿಯ ಚೀಲದ ಮೇಲೆ ‘ಮಿತವಾಗಿ’, ಒಮ್ಮೆ ಮೇಜಿಗೆ ತಲೆಯಿಟ್ಟು ನಿದ್ದೆ ಹೋದ ಗುಮಾಸ್ತನ ತೋಳಿನ ಮೇಲೆ ‘ಎಚ್ಚರವಾಗಿರತಕ್ಕದ್ದು’. ಮೂರನೆಯದನ್ನು ಗುಮಾಸ್ತ ಇನ್ನೂ ಮರೆತಿರಲಿಲ್ಲ.

ಮಾಪಕ ಎರಡು ಸಲ ನೆಲಮಾಳಿಗೆಗೆ ಬಂದು ಹೋಗಿತ್ತು. ಎರಡು ಸಲವೂ ಟೆಸ್ಟರಕ್ಕ ಸೆಲ್ಲು ನೋಡಿದಳು, ವೈರು ನೋಡಿದಳು, ದುಂಡು ಮುಖವನ್ನು ಮೇಜಿನ ಮೇಲಿನ ಪರೀಕ್ಷಾ ಬಿಲ್ಲೆಗೆ ಕವುಚಿಟ್ಟು ನೋಡಿದಳು. ಬಿಲ್ಲೆಯಲ್ಲಿ ಅಳತೆ ಮಾಡಿಟ್ಟ ಒಂಚೂರು ವಿಕಿರಣ ಇರುತ್ತದೆ. ಯಂತ್ರ ಅದನ್ನು ಸರಿಯಾಗಿ ಎಣಿಸಿದರೆ ಯಂತ್ರ ಸರಿ. ಎಣಿಸಿತು. ಬಿಲ್ಲೆ ತೆಗೆದಾಗ ತೆಪ್ಪಗಾಯಿತು. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿ ಕಳಿಸಿದ್ದಳು.

ಮೂರನೆಯ ಸಲ ಮಾಪಕದ ಜೊತೆ ಅವಳಿಗೇ ಕರೆ ಬಂತು.

“ನೋಡಮ್ಮ,” ಎಂದರು ಚೀಟಿ ಸಾಹೇಬರು. ಅವರ ಮೇಜಿನ ಮೇಲೆ ಎಡಕ್ಕೆ ಕಾಗದದ ಕಟ್ಟು, ಬಲಕ್ಕೆ ಗುಂಡುಸೂಜಿ ತುಂಬಿದ ಕಪ್ಪು ಬಟ್ಟಲು. “ಎರಡು ಸಲ ನೀನೇ ಬರೆದಿದೀಯ, ಯಂತ್ರದಲ್ಲಿ ದೋಷ ಇಲ್ಲ ಅಂತ. ಇದು ಮೂರನೇದು. ಯಂತ್ರ ಸರಿ ಇದೆ ಅಂದ್ರೆ ಏನರ್ಥ?”

“ಏನ್ ಸಾರ್?”

“ಹಿಡಿಯೋ ಕೈ ಸರಿ ಇಲ್ಲ ಅಂತ. ದೊಡ್ಡಮ್ಮಂಗೆ ವಯಸ್ಸಾಯ್ತು. ಯಂತ್ರ ಕಂಡ್ರೆ ಭಯ. ಎಲ್ಲೆಲ್ಲೋ ಒತ್ತುತ್ತಾಳೆ. ನಾಳೆ ಮಧ್ಯಾಹ್ನದೊಳಗೆ ನೀನು ‘ಬಳಸುವವರ ತಪ್ಪು’ ಅಂತ ಬರೆದು ಸಹಿ ಹಾಕಿ ಕೊಡು. ಅವಳನ್ನ ವಾಪಸ್ ತೊಟ್ಟಿಗೆ ಹಾಕಿ, ಈ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ.”

“ಅವಳ ಮೊಣಕಾಲು ತೊಟ್ಟಿ ಕೆಲಸ ತಡೆಯಲ್ಲ ಸಾರ್.”

“ಮೊಣಕಾಲು ನನ್ನ ವಿಭಾಗಕ್ಕೆ ಬರಲ್ಲಮ್ಮ. ಅದಕ್ಕೆ ಎರಡನೇ ಮಹಡಿ ಇದೆ.” ಅವರು ನಮೂನೆಯ ಕಾಗದಕ್ಕೆ ಒಂದು ಚೀಟಿ ಇಟ್ಟು, ಬಟ್ಟಲಿನಿಂದ ಗುಂಡುಸೂಜಿ ಹೆಕ್ಕಿ ಚುಚ್ಚಿದರು. ‘ಕಾರಣದ ಕಾಲಂ ಖಾಲಿ ಬಿಡಬಾರದು’ ಎಂದಿತ್ತು ಚೀಟಿಯಲ್ಲಿ.

ಟೆಸ್ಟರಕ್ಕ ಸಿಟ್ಟಿನಲ್ಲೇ ಮೆಟ್ಟಿಲಿಳಿದಳು. ಸಿಟ್ಟು ಸಾಹೇಬರ ಮೇಲಷ್ಟೇ ಆಗಿದ್ದರೆ ಹಗುರವಾಗಿರುತ್ತಿತ್ತು. ದೊಡ್ಡಮ್ಮನನ್ನು ತೊಟ್ಟಿಯ ಕಡೆಗೆ ಎರಡು ಹೆಜ್ಜೆ ತಳ್ಳಿದ್ದು ತನ್ನದೇ ಎರಡು ಸಹಿ.

ಪೊರಕೆ ಕೋಣೆಯಲ್ಲಿ ಕುಳಿತು ಮತ್ತೆ ಮೊದಲಿನಿಂದ ಶುರು ಮಾಡಿದಳು. ನೀಲಿ ಹೂವಿನ ಟೋಪಿ ತೆಗೆದಳು. ಟೋಪಿಯ ಹಣೆಗೂ ಒಂದು ಚೀಟಿ ಚುಚ್ಚಿತ್ತು: ‘ಉಪಕರಣವನ್ನು ಜೋಪಾನವಾಗಿ ಬಳಸತಕ್ಕದ್ದು’. ಅದನ್ನು ಟೋಪಿಯ ಸಮೇತ ಪಕ್ಕಕ್ಕಿಟ್ಟಳು. ನಾಲ್ಕೂ ಸೆಲ್ಲು ಹೊರತೆಗೆದು ಒಂದೊಂದನ್ನೂ ಅಳೆದಳು. ಸುಮ್ಮನಿದ್ದಾಗ ಚೆನ್ನಾಗಿ ಕಾಣುವ ಸೆಲ್ಲು ಹೊರೆ ಬಿದ್ದಾಗ ಕೈಕೊಡುವುದುಂಟು. ಅದಕ್ಕೆ ಯಂತ್ರವನ್ನು ಚಾಲೂ ಮಾಡಿ, ಸದ್ದು ಜೋರು ಮಾಡಿ ಮತ್ತೆ ಅಳೆದಳು. ಕುಗ್ಗಲಿಲ್ಲ. ಸ್ಪ್ರಿಂಗುಗಳಿಗೆ ಹಿಡಿದ ಹಸಿರು ಕಿಲುಬನ್ನು ಕೆರೆದಳು. ವೈರನ್ನು ಬುಡದಲ್ಲಿ, ನಡುವೆ, ತುದಿಯಲ್ಲಿ ಹಿಂಡಿದಳು, ತಿರುಚಿದಳು, ಅಲ್ಲಾಡಿಸಿದಳು. ಮುಖವನ್ನು ಬಿಲ್ಲೆಗೆ ಕವುಚಿಟ್ಟಳು, ಬಿಲ್ಲೆ ತೆಗೆದಳು. ಪರೀಕ್ಷೆಯ ಮುಂದೆ ಕುಳಿತ ಜಾಣ ಮಗುವಿನಂತೆ ಯಂತ್ರ ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟಿತು.

“ನನ್ನ ಹತ್ರ ಮಾತ್ರ ಒಳ್ಳೆಯವನ ಹಾಗೆ ಆಡ್ತೀಯಲ್ಲೋ,” ಎಂದಳು ಅದಕ್ಕೆ. “ನಮ್ಮ ಮನೆಯವರೂ ಹೀಗೇ, ಬೇರೆಯವರ ಮುಂದೆ ತಟ್ಟೆ ಎತ್ತಿಡ್ತಾರೆ.”

ಆಗ ಅವಳಿಗೆ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ಮೂರು ಸಲ ಯಂತ್ರ ಬಂದಿತ್ತು. ಮೂರು ಸಲವೂ ಒಂದು ಚೀಟಿಯ ಜೊತೆ ಬಂದಿತ್ತು. ಅದನ್ನು ದಿನಾ ಹಿಡಿಯುವವಳನ್ನು ಸಾಹೇಬರೂ ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ. ನೇರ ಒಗೆತದ ಮನೆಗೆ ಹೋದಳು. ದೊಡ್ಡಮ್ಮ ಮೂಲೆಯ ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು.

“ದೊಡ್ಡಮ್ಮ, ಅದು ಯಾವಾಗ ಕಿರುಚುತ್ತೆ?”

“ಅಬ್ಬ! ಕೇಳೋಕೆ ಒಬ್ಬಳಾದ್ರೂ ಬಂದ್ಯಲ್ಲ! ಬೆಳಿಗ್ಗೆ ಕಣೇ. ಒಂಬತ್ತಕ್ಕೆ ಶುರು ಮಾಡ್ದೆ ಅಂದ್ರೆ ಹನ್ನೊಂದರ ತನಕ ರಂಪ. ಊಟ ಆದ್ಮೇಲೆ ತೆಪ್ಪಗಿರುತ್ತೆ. ಅದಕ್ಕೂ ಊಟ ಬೇಕೇನೋ.”

“ದಿನಾ?”

“ದಿನಾ ಇಲ್ಲ. ಒಂದೊಂದು ದಿನ ಬಲು ಸಾಧು. ಅದರ ಮನಸ್ಸಿಗೆ ಬಂದ ಹಾಗೆ.” ದೊಡ್ಡಮ್ಮ ಸ್ವರ ತಗ್ಗಿಸಿದಳು. “ನನಗೆ ಭಯ ಅಂತ ಹೇಳ್ತಾರಂತಲ್ಲ ಸಾಹೇಬ್ರು? ಭಯ ಇದ್ರೆ ಕೂಗಿದ್ದನ್ನೆಲ್ಲ ಸದ್ದಿಲ್ಲದೆ ಕಳಿಸಿಬಿಡ್ತಿದ್ದೆ. ಕೆಳಗೆ ಆ ಬಟ್ಟೆಗೆ ಬರಿಗೈ ಹಾಕೋರು ನಮ್ಮ ಹುಡುಗೀರು ತಾನೇ? ಅದಕ್ಕೇ ಕಳಿಸಲ್ಲ.”

“ನಾಳೆ ಒಂಬತ್ತಕ್ಕೆ ಬರ್ತೀನಿ,” ಎಂದು ಹೇಳಿ ಟೆಸ್ಟರಕ್ಕ ಹೋದಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಎಂದಿನ ಗದ್ದಲ. ಒಂದು ಒಲೆಯ ಮೇಲೆ ಚಹಾ, ಇನ್ನೊಂದರ ಮೇಲೆ ಮಧ್ಯಾಹ್ನದ ಡಬ್ಬಿಗೆ ಪಲ್ಯ, ಬಚ್ಚಲಲ್ಲಿ ನಲ್ಲಿ. ಗಂಡ “ನನ್ನ ಕನ್ನಡಕ ನೋಡಿದ್ಯಾ?” ಎಂದು ಕನ್ನಡಕ ಹಾಕಿಕೊಂಡೇ ಕೇಳಿದ. “ಮೂಗಿನ ಮೇಲೆ ಹುಡುಕಿ ರೀ,” ಎಂದಳು.

ಅತ್ತೆ ಅಡುಗೆಮನೆಯ ಕಿಟಕಿಯ ಬಳಿ ಹಾಲಿನ ಅಲ್ಯೂಮಿನಿಯಂ ಪಾತ್ರೆಯೊಳಗೆ ಮುಖ ಹುದುಗಿಸಿ ನಿಂತಿದ್ದರು.

“ಏನ್ ಅತ್ತೆ, ಪಾತ್ರೆಗೆ ಗುಟ್ಟು ಹೇಳ್ತಿದ್ದೀರಾ?”

“ಒಲೆ ಮೇಲೆ ಹಾಲು ತೊಟ್ಟಿಕ್ತಿತ್ತು ಕಣೇ. ತೂತು ಎಲ್ಲಿದೆ ಅಂತ ನೋಡ್ತಿದೀನಿ.” ಅತ್ತೆ ಪಾತ್ರೆಯನ್ನು ಬಿಸಿಲಿಗೆ ಎತ್ತಿ ಮೆಲ್ಲಗೆ ತಿರುಗಿಸಿದರು. “ನಿನ್ನ ಗಂಡ ಬಲ್ಬಿನ ಕೆಳಗೆ ನೋಡಿ ತೂತೇ ಇಲ್ಲ ಅಂತ ತೀರ್ಪು ಕೊಟ್ಟ. ಅಡುಗೆ ಮಾಡದವರ ತೀರ್ಪು! ಸೂಜಿಮೊನೆ ತೂತು ಬಲ್ಬಿಗೆಲ್ಲಿ ಕಾಣುತ್ತೆ? ಬಿಸಿಲಿಗೇ ಹಿಡೀಬೇಕು. ಅದೂ ನೆಟ್ಟಗೆ ಹಿಡಿದ್ರೆ ಕಾಣಲ್ಲ, ತಿರುಗಿಸ್ತಾ ಹೋಗ್ಬೇಕು… ಹಾ, ಸಿಕ್ತು ನೋಡು ಕಳ್ಳ!”

ಪಾತ್ರೆಯ ತಳದ ಅಂಚಿನಲ್ಲಿ ಬೆಳಕಿನ ಒಂದು ಚುಕ್ಕೆ ಮಿನುಗಿ ಅತ್ತೆಯ ಕೆನ್ನೆಯ ಮೇಲೆ ಕೂತಿತು.

ಟೆಸ್ಟರಕ್ಕನ ಕೈಯ ಸೌಟು ನಿಂತುಬಿಟ್ಟಿತು. ಬೆಳಿಗ್ಗೆ ಕಿರುಚುತ್ತದೆ, ಊಟ ಆದ ಮೇಲೆ ಇಲ್ಲ. ಒಂದೊಂದು ದಿನ ಸಾಧು. ನೆಲಮಾಳಿಗೆಯಲ್ಲಿ ಎಂದೆಂದೂ ಸಾಧು.

“ಅತ್ತೆ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು!”

“ಹಾಲು ಸೋರಿದ್ದಕ್ಕಾ?”

“ಪಲ್ಯ ನೋಡ್ಕೊಳ್ರೀ!” ಎಂದು ಗಂಡನ ಕೈಗೆ ಸೌಟು ಕೊಟ್ಟು ಅವಳು ಚಪ್ಪಲಿ ಮೆಟ್ಟಿದಳು.

“ಎಲ್ಲಿ ನೋಡ್ಕೊಳ್ಳಲಿ? ಏನು ನೋಡ್ಕೊಳ್ಳಲಿ?”

“ತಳ ಹಿಡಿದ್ರೆ ವಾಸನೆ ಬರುತ್ತೆ. ಅದು ತಪ್ಪು. ತಿದ್ದಿ!”

ಒಂಬತ್ತಕ್ಕೆ ಮಾಪಕವನ್ನೂ ಪರೀಕ್ಷಾ ಬಿಲ್ಲೆಯನ್ನೂ ಹೊತ್ತು ಅವಳು ನಾಲ್ಕನೆಯ ಮಹಡಿಯ ಮೊಗಸಾಲೆ ಮುಟ್ಟಿದಾಗ ದೊಡ್ಡಮ್ಮ ಸಿದ್ಧಳಾಗಿದ್ದಳು. ಮೊದಲೆಲ್ಲ ಹೊದಿಕೆಗಳನ್ನು ಮೇಜಿನ ಮೇಲೆ ಹಾಸಿ, ಬಗ್ಗಿ, ಮಾಪಕದ ಮುಖ ಕೆಳಗೆ ಮಾಡಿ ನೋಡುತ್ತಿದ್ದರಂತೆ. ಸೊಂಟ ಬಿದ್ದುಹೋಗುತ್ತಿತ್ತು. ದೊಡ್ಡಮ್ಮ ಬಂದ ಮೇಲೆ ಕಿಟಕಿಗೆ ಅಡ್ಡಲಾಗಿ ಒಂದು ಸರಳು ಕಟ್ಟಿಸಿ, ಬಟ್ಟೆ ಒಣಹಾಕುವ ಹಾಗೆ ಹೊದಿಕೆ ಇಳಿಬಿಟ್ಟು, ಎದುರು ನಿಂತು ಮೇಲಿಂದ ಕೆಳಗೆ ನೋಡುತ್ತಿದ್ದಳು. ಅರ್ಧ ಸಮಯದಲ್ಲಿ ಕೆಲಸ ಮುಗಿಯುತ್ತಿತ್ತು. ಆ ಕಿಟಕಿಯಲ್ಲಿ ಈಗ ಬೆಳಗಿನ ಬಿಸಿಲು ಧಾರಾಳವಾಗಿ ಒಳಗೆ ಬೀಳುತ್ತಿತ್ತು. ಹೊದಿಕೆ ಒಗೆದು ಒಗೆದು ಸೊಳ್ಳೆಪರದೆಯಷ್ಟು ತೆಳುವಾಗಿತ್ತು.

“ಹಿಡಿ ದೊಡ್ಡಮ್ಮ.”

ದೊಡ್ಡಮ್ಮ ಟೋಪಿ ತೆಗೆದು ಹಿಡಿದಳು. ಟಿಕಟಿಕಟಿಕಟಿಕ ಎಂದು ಮಾಪಕ ಬಾಯಿ ಬಡಿದುಕೊಂಡಿತು.

“ಈಗ ಹೊದಿಕೆ ತೆಗಿ. ಬರೀ ಕಿಟಕಿಗೆ ಹಿಡಿ.”

ಹೊದಿಕೆಯೇ ಇಲ್ಲ, ಆದರೂ ಕಿರುಚಾಟ ಇಮ್ಮಡಿಯಾಯಿತು. ದೊಡ್ಡಮ್ಮ ಬೆಚ್ಚಿದಳು. “ಏನೇ ಇದು, ಬಿಸಿಲಿಗೂ ವಿಕಿರಣ ಬಂತಾ?”

ಟೆಸ್ಟರಕ್ಕ ಮುಖದ ಮೇಲೆ ಅಂಗೈ ಮುಚ್ಚಿದಳು. ಟಿಕ್… ಟಿಕ್… ಕೈ ತೆಗೆದಳು. ಕಿರುಚಿತು. ಅತ್ತೆಯ ಹಾಗೆ ಮೆಲ್ಲಗೆ ತಿರುಗಿಸುತ್ತ ಹೋದಳು. ಒಂದು ಕೋನದಲ್ಲಿ ಸದ್ದು ಸತ್ತಿತು, ಇನ್ನೊಂದರಲ್ಲಿ ಎದ್ದಿತು.

“ಯಂತ್ರಕ್ಕೇನೂ ಹುಚ್ಚಿಲ್ಲ ದೊಡ್ಡಮ್ಮ. ನಿನ್ನ ಕೈಗೂ ಏನೂ ಆಗಿಲ್ಲ. ನೋಡು, ಈ ಜಾಲರಿ ಹಿಂದೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಬೆಳ್ಳಿ ಹಾಳೆ ಇದೆ. ಅದರ ಹಿಂದೆ ಒಂದು ಹರಳು, ವಿಕಿರಣ ತಾಗಿದ್ರೆ ಅದು ಮಿಂಚುತ್ತೆ. ಅದರ ಹಿಂದೆ ಒಂದು ಕಣ್ಣು, ಮಿಂಚಿದ್ದನ್ನ ಎಣಿಸುತ್ತೆ. ಹೊರಗಿನ ಬೆಳಕು ಒಳಗೆ ಹೋಗಬಾರದು ಅಂತಲೇ ಬೆಳ್ಳಿ ಹಾಳೆ ಇರೋದು. ಎಲ್ಲೋ ತೂತಾಗಿದೆ. ಬಿಸಿಲು ನುಸುಳ್ತಿದೆ. ಅದಕ್ಕೇ ಮೋಡದ ದಿನ ಸಾಧು. ಪಾಪ, ಕಣ್ಣು ಬಿಸಿಲನ್ನೇ ಎಣಿಸ್ತಾ ಕೂತಿದೆ.”

ತಾನು ಹದಿನೇಳು ವರ್ಷ ಪೊರಕೆ ಕೋಣೆಯಲ್ಲಿ, ಮುಖ ಕವುಚಿಟ್ಟು, ಬಲ್ಬಿಗೆ ಬೆನ್ನು ಮಾಡಿ ಪರೀಕ್ಷೆ ಮಾಡಿದವಳು ಇದನ್ನು ಸಾಯುವವರೆಗೂ ಕಂಡುಹಿಡಿಯುತ್ತಿರಲಿಲ್ಲ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ತುರುಬಿನಿಂದ ಟೆಸ್ಟರು ಎಳೆದು ಜಾಲರಿಯ ತಿರುಪು ಬಿಚ್ಚಿದಳು. ಹಾಳೆಯ ಅಂಚಿನ ಹತ್ತಿರ ಒಂದು ಚುಕ್ಕೆ ತೂತು ಇತ್ತು.

ಅದನ್ನು ನೋಡಿದ್ದೇ ದೊಡ್ಡಮ್ಮನ ಮುಖ ಬಾಡಿತು. ಅವಳು ಬೆಂಚಿನ ಮೇಲೆ ಕುಸಿದಳು.

“ನಾನೇ ಕಣೇ ಚುಚ್ಚಿದ್ದು.”

“ಏನು?”

“ಟೋಪಿ ಹೊಲಿದೆನಲ್ಲ. ಲಾಡಿ ಸಡಿಲ ಆಯ್ತು ಅಂತ ಒಂದು ದಿನ ಇದರ ಮೇಲೇ ಇಟ್ಕೊಂಡು ಎರಡು ಹೊಲಿಗೆ ಹಾಕ್ದೆ. ಸೂಜಿ ತಾಗಿರಬೇಕು. ಧೂಳು ಕೂರದೆ ಇರ್ಲಿ, ಚೆನ್ನಾಗಿರ್ಲಿ ಅಂತ ಮಾಡಿದ್ದು… ಹೋಗು, ಬರ್ಕೊಡು. ಸಾಹೇಬ್ರು ಹೇಳಿದ್ದೇ ನಿಜ ಆಯ್ತು.”

ಟೆಸ್ಟರಕ್ಕನ ನಿಯಮದ ಪಟ್ಟಿ ಕಟ್ಟಕಡೆಗೆ ಬಂದು ನಿಂತಿತ್ತು: ಸೆಲ್ಲಲ್ಲ, ವೈರಲ್ಲ, ಮನುಷ್ಯ. ಅದೂ ಈ ಮನುಷ್ಯ. ಸುಳ್ಳು ಬರೆದುಬಿಟ್ಟರೇನು, ಹಾಳೆ ತಾನಾಗಿ ಸವೆದಿದೆ ಎಂದು? ಹದಿನೇಳು ವರ್ಷದಲ್ಲಿ ಸುಳ್ಳು ಬರೆದಿರಲಿಲ್ಲ. ಬರೆಯುವುದಾದರೆ ಇವತ್ತೇ ಬರೆಯಬೇಕು ಎಂದುಕೊಂಡು, ಯೋಚಿಸಲು ಕೈಗೇನಾದರೂ ಬೇಕಲ್ಲ, ನೀಲಿ ಹೂವಿನ ಟೋಪಿಯನ್ನೆತ್ತಿ ಬಿಸಿಲಿಗೆ ಹಿಡಿದಳು. ಚೀಟಿ ಚುಚ್ಚಿದಲ್ಲಿ, ಗುಂಡುಸೂಜಿ ಒಳಹೊಕ್ಕು ಹೊರಬಂದ ಜಾಗದಲ್ಲಿ, ಕೆಂಗಂದು ಬಣ್ಣದ ಎರಡು ಚುಕ್ಕೆಗಳು ಕಂಡವು.

“ದೊಡ್ಡಮ್ಮ, ಇದೇನು ಕಲೆ?”

ದೊಡ್ಡಮ್ಮ ಕಣ್ಣೊರೆಸಿಕೊಂಡು ನೋಡಿದಳು. ಇಪ್ಪತ್ತೆರಡು ವರ್ಷದ ಕಲೆಗಳ ಜ್ಞಾನ ಅವಳ ಮುಖಕ್ಕೆ ಮರಳಿತು. “ತುಕ್ಕು. ರಾತ್ರಿ ಇದನ್ನ ಇಡೋದು ಒಗೆತದ ಮನೇಲಿ; ಅಲ್ಲಿ ಉಗಿ ಇರುತ್ತಲ್ಲ, ಕಬ್ಬಿಣದ್ದು ಏನು ಚುಚ್ಚಿದ್ರೂ ಮೂರೇ ದಿನಕ್ಕೆ ತುಕ್ಕು ಕಕ್ಕುತ್ತೆ. ಒಗೆದ್ರೆ ಹೋಗಲ್ಲ ದರಿದ್ರದ್ದು. ಸಾಹೇಬ್ರ ಗುಂಡುಸೂಜಿ ಚುಚ್ಚಿದ ಪರದೆಗಳೆಲ್ಲ ಹೀಗೇ.”

“ನಿನ್ನ ಸೂಜಿ ತುಕ್ಕು ಬಿಡುತ್ತಾ?”

“ಹೊಲಿಯೋ ಸೂಜಿ ತುಕ್ಕು ಹಿಡಿಯೋದಾ? ಹೊಲಿದು ತೆಗೀತೀವಿ, ಅಲ್ಲೇ ಬಿಟ್ಟು ಹೋಗ್ತೀವಾ?”

ಟೆಸ್ಟರಕ್ಕ ಮಾಪಕದ ಮುಖದ ಹತ್ತಿರ ಕಣ್ಣು ತಂದಳು. ಬೆಳ್ಳಿ ಹಾಳೆಯ ತೂತಿನ ಸುತ್ತ ಸಾಸಿವೆ ಸೀಳಿದಷ್ಟು ಕೆಂಗಂದು ಬಣ್ಣದ ಉಂಗುರ ಇತ್ತು. ಅವಳು ಟೋಪಿಯನ್ನು ಮುಖಕ್ಕೆ ತೊಡಿಸಿದಳು. ಗುಂಡುಸೂಜಿಯ ಮೊನೆ ಇದ್ದ ಚುಕ್ಕೆ ಸರಿಯಾಗಿ ತೂತಿನ ಮೇಲೆ ಬಂದು ಕೂತಿತು. ಚೀಟಿಯ ಕೆಳಗಿನ ದಿನಾಂಕ ನೋಡಿದಳು. ಮೂರು ವಾರದ ಹಿಂದಿನ ಸೋಮವಾರ. ಮಾಪಕ ಮೊದಲ ಸಲ ಕಿರುಚಿದ್ದು ಮಂಗಳವಾರ.

‘ಉಪಕರಣವನ್ನು ಜೋಪಾನವಾಗಿ ಬಳಸತಕ್ಕದ್ದು.’

ಇಬ್ಬರೂ ಚೀಟಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ದೊಡ್ಡಮ್ಮ. ಮೊಣಕಾಲು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕೊನೆಗೆ ಯಾವುದನ್ನು ಹಿಡಿದುಕೊಳ್ಳುವುದೆಂದು ತಿಳಿಯದೆ ಟೆಸ್ಟರಕ್ಕನನ್ನೇ ಹಿಡಿದುಕೊಂಡು ನಕ್ಕಳು. ಜೋಪಾನ ಮಾಡುವುದಕ್ಕೆ ಚುಚ್ಚಿದ ಚೀಟಿಯೇ ಜೋಪಾನವನ್ನು ಕೆಡಿಸಿತ್ತು.

ಟೆಸ್ಟರಕ್ಕ ಕಪ್ಪು ಟೇಪಿನಿಂದ ಎಳ್ಳುಕಾಳಿನಷ್ಟು ಚೂರು ಕತ್ತರಿಸಿ ತೂತಿಗೆ ಅಂಟಿಸಿದಳು. ಮುಖವನ್ನು ಬಿಸಿಲಿಗೆ ಹಿಡಿದಳು: ಟಿಕ್… ಟಿಕ್. ಪರೀಕ್ಷಾ ಬಿಲ್ಲೆಗೆ ಹಿಡಿದಳು: ಸರಿಯಾಗಿ ಎಣಿಸಿತು. ಹೊಸ ಹಾಳೆ ಬರುವವರೆಗೆ ಇಷ್ಟು ಸಾಕು. ಬೀಗದ ಕೋಣೆಯ ರಾಶಿಯನ್ನು ದೊಡ್ಡಮ್ಮ ಒಂದೊಂದಾಗಿ ಮತ್ತೆ ನೋಡಿ ಮುಗಿಸಿದಳು. ನಿಜವಾಗಿ ಕೂಗಿದ್ದು ನಾಲ್ಕೇ ಹೊದಿಕೆ. ಆ ನಾಲ್ಕನ್ನು ಸಾಹೇಬರ ಮಾತು ಕೇಳಿ ಕಳಿಸಿಬಿಟ್ಟಿದ್ದರೆ ಎಂದು ಯೋಚಿಸಿದಾಗ ಇಬ್ಬರ ನಗುವೂ ಸ್ವಲ್ಪ ಹೊತ್ತು ನಿಂತಿತು.

ಹನ್ನೊಂದೂವರೆಗೆ ಟೆಸ್ಟರಕ್ಕ ನಮೂನೆ, ಮಾಪಕ, ಟೋಪಿ ಮೂರನ್ನೂ ಹಿಡಿದು ಸಾಹೇಬರ ಮುಂದೆ ನಿಂತಳು. ಅವರು ಓದಿದರು. ಹುಬ್ಬು ಮೇಲೆ ಹೋಯಿತು; ಅಲ್ಲೇ ಉಳಿಯಿತು.

“ದೋಷ: ಬೆಳಕು ತಡೆಯುವ ಹಾಳೆಯಲ್ಲಿ ತೂತು. ಕಾರಣ: ಜೋಪಾನದ ಚೀಟಿಯ ಗುಂಡುಸೂಜಿ. ಬಳಸುವವರ ತಪ್ಪು: ಇಲ್ಲ…” ಸಾಹೇಬರು ಕಾಗದ ಕೆಳಗಿಟ್ಟರು. “ಏನಮ್ಮ ಇದು? ಸಾಮಾನ್ಯ ಸವೆತ ಅಂತ ಬರೀಬಹುದಲ್ವಾ?”

“ಬರೀಬಹುದಿತ್ತು ಸಾರ್. ಆದ್ರೆ ಕಾರಣದ ಕಾಲಂ ಬಗ್ಗೆ ನೀವೇ ಚೀಟಿ ಚುಚ್ಚಿದ್ರಲ್ಲ.”

“ಖಾಲಿ ಬಿಡಬೇಡ ಅಂದಿದ್ದೆ. ಇಷ್ಟು ತುಂಬಿಸು ಅಂದಿರಲಿಲ್ಲ.” ಅವರು ಟೋಪಿ, ಚೀಟಿ, ತುಕ್ಕಿನ ಚುಕ್ಕೆ, ದಿನಾಂಕ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಅಕ್ಷರ ಅವರದೇ. “ಆ ಹೆಂಗಸು ಈ ಬಟ್ಟೆ ಟೋಪಿ ಹಾಕದೆ ಇದ್ದಿದ್ರೆ ನಾನೆಲ್ಲಿ ಚುಚ್ಚುತ್ತಿದ್ದೆ ಹೇಳು? ಕಂಪನಿಯ ಮುಚ್ಚಳ ಇದ್ದಿದ್ರೆ…”

“ಅದೇ ಸಾರ್, ಮುಚ್ಚಳ ಎಲ್ಲಿ ಹೋಯ್ತು ಅಂತ ನನಗೂ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೇಜಿನ ಬಲಗಡೆಯ ಬಟ್ಟಲಿನ ಮೇಲೆ ಕಣ್ಣು ನಿಂತಿತ್ತು. ಕಪ್ಪು ಪ್ಲಾಸ್ಟಿಕ್. ಅಂಗೈಯಗಲ. ಅಂಚಿಗೆ ಕಚ್ಚಿಕೊಳ್ಳುವ ಮೂರು ಹಲ್ಲು.

ಅವಳು ಗುಂಡುಸೂಜಿಗಳನ್ನು ಸಾಹೇಬರ ಚೀಟಿ ಕಟ್ಟಿನ ಮೇಲೆ ನಿಧಾನವಾಗಿ ಸುರಿದಳು. ಬಟ್ಟಲನ್ನು ಕವುಚಿ ಮಾಪಕದ ಮುಖದ ಮೇಲಿಟ್ಟು ಒತ್ತಿದಳು. ಟಕ್ ಎಂದು ಕೂತಿತು.

ಆಚೆ ಮೇಜಿನ ಗುಮಾಸ್ತ ತೋಳು ಸವರಿಕೊಂಡು ಕೆಮ್ಮಿದ.

“ಅದು ಇಲ್ಲೇ ಬಿದ್ದಿತ್ತು,” ಎಂದರು ಸಾಹೇಬರು. “ಏನೋ ಖಾಲಿ ಬಟ್ಟಲು ಅಂತ…”

“ಖಾಲಿ ಕಂಡಿದ್ದೆಲ್ಲ ಯಾರದೂ ಅಲ್ಲ ಅಂತಲ್ಲ ಸಾರ್,” ಎಂದಳು ಟೆಸ್ಟರಕ್ಕ. ಕಾಗದವನ್ನು ಮತ್ತೆ ತೆಗೆದುಕೊಂಡು, ಕಾರಣದ ಕಾಲಂನಲ್ಲಿ ಇನ್ನೊಂದು ಸಾಲು ಸೇರಿಸಿ, ಮೂರನೆಯ ಸಹಿ ಹಾಕಿದಳು. ಸಹಿಯ ಕೆಳಗೆ ‘ಸಹಾಯಕಿ’ ಎಂದು ಅಚ್ಚಾಗಿದ್ದುದನ್ನು ಒಂದು ಗೀಟಿನಿಂದ ಹೊಡೆದುಹಾಕಿ, ‘ಪರೀಕ್ಷಿಸಿದವಳು’ ಎಂದು ಬರೆದಳು. ಕರಡು ತಿದ್ದುವವನ ಹೆಂಡತಿ. ಹೊಡೆದುಹಾಕುವ ಗೀಟು ಹೇಗಿರಬೇಕೆಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮೊಗಸಾಲೆಯ ಕಿಟಕಿಯಲ್ಲಿ ಹೊದಿಕೆಗಳು ಸಾಲಾಗಿ ಇಳಿಬಿದ್ದಿದ್ದವು. ದೊಡ್ಡಮ್ಮ ನೆಟ್ಟಗೆ ನಿಂತು ಮೇಲಿಂದ ಕೆಳಗೆ ಮಾಪಕ ಆಡಿಸುತ್ತಿದ್ದಳು. ಟಿಕ್… ಟಿಕ್… ನೀಲಿ ಹೂವಿನ ಟೋಪಿ ನಿಂಬೆರಸ, ಉಪ್ಪು ಹಚ್ಚಿಸಿಕೊಂಡು ತುಕ್ಕಿನ ಕಲೆ ಕಳೆದುಕೊಳ್ಳುವುದಕ್ಕೆ ಅದೇ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು. ಪಕ್ಕದ ಶುಭ್ರವಾದ ದಿಂಬಿನ ಚೀಲವೊಂದರ ಮೇಲೆ ಒಂದು ಚೀಟಿ ಇತ್ತು: ‘ತೊಟ್ಟಿಗೆ ವರ್ಗಾವಣೆ ಕೈಬಿಡಲಾಗಿದೆ. ಸದರಿಯವರು ಇಲ್ಲಿಯೇ ಮುಂದುವರಿಯತಕ್ಕದ್ದು.’

ಟೆಸ್ಟರಕ್ಕ ಬಂದಾಗ ದೊಡ್ಡಮ್ಮ ಅದನ್ನು ತೋರಿಸಿದಳು. ಟೆಸ್ಟರಕ್ಕ ಗುಂಡುಸೂಜಿಗಾಗಿ ಹುಡುಕಿದಳು. ಇರಲಿಲ್ಲ.

“ಬುದ್ಧಿ ಕಲಿತರು ದೊಡ್ಡಮ್ಮ!”

“ಎಲ್ಲಿ ಕಲಿತರು!” ದೊಡ್ಡಮ್ಮ ಚೀಟಿಯ ಮೂಲೆ ಹಿಡಿದು ಎಳೆದಳು. ಅದು ಬರಲಿಲ್ಲ. ದಿಂಬಿನ ಚೀಲವೇ ಜೊತೆಗೆ ಎದ್ದು ಬಂತು. “ಗೋಂದು ಹಚ್ಚಿದಾರೆ ಮಹಾರಾಯರು. ಡಬ್ಬಿಗಟ್ಟಲೆ. ಈ ಕಲೆ ತೆಗೆಯೋಕೆ ಇನ್ನು ಬಿಸಿನೀರಲ್ಲಿ ಅರ್ಧ ದಿನ ನೆನೆಹಾಕಬೇಕು. ಅದನ್ನ ಯಾರು ಮಾಡ್ತಾರಂತೆ? ಹೋಗಿ ಕೇಳ್ಕೊಂಡು ಬಾ, ಬರ್ಕೊಂಡೇ ಬಾ!”